ಬೀಸುವ ಕಲ್ಲಿನ ಪಾರಣೆ

ಕಾಯಿಲೆಯ ಹೆಸರು ತಿಳಿದ ದಿನ ನಮ್ಮ ಅಡುಗೆಮನೆಯಲ್ಲಿ ಮೊದಲು ಸುಮ್ಮನಾದದ್ದು ಲಟ್ಟಣಿಗೆ. ನನ್ನ ಗಂಡ ಶ್ರೀಕಾಂತ ಅದನ್ನು ತೊಳೆದು, ಒರೆಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. ಮನೆಯಲ್ಲಿ ಯಾರೂ ತೀರಿಕೊಂಡಿರಲಿಲ್ಲ. ಆದರೂ ಆ ಕೆಲಸವನ್ನು ಅವರು ಮಾಡಿದ ರೀತಿಯಲ್ಲಿ ಅಂಥದೊಂದು ಗಾಂಭೀರ್ಯವಿತ್ತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆಗೆ ಇದು ಸರಿಬರಲಿಲ್ಲ. "ಅಕಿಗೆ ಚಪಾತಿ ಬ್ಯಾಡ ಅಂದ್ರ ಡಾಕ್ಟರು. ನಮಗೂ ಬ್ಯಾಡ ಅಂದ್ರೇನೋ? ತಿನ್ನಾವ್ರು ನಾವಿನ್ನೂ ಮೂರು ಮಂದಿ ಅದೀವಿ."

"ಅಕಿ ಎದುರಿಗೆ ಕುಂತು ನಾವು ತಿನ್ನೂದು ಬ್ಯಾಡವ್ವಾ," ಎಂದರು ಶ್ರೀಕಾಂತ.

ಆ ಒಂದು ಮಾತಿನಲ್ಲಿ ಮುಂದಿನ ತಿಂಗಳುಗಳ ಸಂಕಟವೆಲ್ಲ ಅಡಗಿತ್ತು. ನನಗೆ ಬಂದದ್ದು ಸೀಲಿಯಾಕ್ ಎಂಬ ಕಾಯಿಲೆ. ಗೋಧಿಯಲ್ಲಿರುವ ಒಂದು ಅಂಶವನ್ನು ಕರುಳು ಶತ್ರುವೆಂದು ಭಾವಿಸಿ ಕಾದಾಡುತ್ತದೆ. ಆ ಕಾದಾಟದಲ್ಲಿ ಗಾಯಗೊಳ್ಳುವುದು ಮಾತ್ರ ಕರುಳೇ. ಇದಕ್ಕೆ ಮಾತ್ರೆಯಿಲ್ಲ. ಗೋಧಿಯನ್ನು ಚಿಟಿಕೆಯಷ್ಟೂ ತಿನ್ನದಿರುವುದೇ ಔಷಧ, ಅದೂ ಜೀವನಪರ್ಯಂತ. ಇದಕ್ಕಿಂತ ಹೆಚ್ಚಿನ ವೈದ್ಯಕೀಯ ವಿವರ ಈ ಬರಹದಲ್ಲಿಲ್ಲ. ಅದನ್ನು ಬಲ್ಲವರು ಹೇಳಬೇಕು. ನನ್ನನ್ನು ಕಾಡಿದ ಪ್ರಶ್ನೆ ಬೇರೆ: ಒಬ್ಬಳ ದೇಹ ತುಂಬಿಕೊಳ್ಳಬೇಕಾದರೆ ನಾಲ್ವರ ಮನೆ ಸೊರಗಲೇಬೇಕೆ? ಇದೇ ಪ್ರಶ್ನೆಯನ್ನು ಹೊತ್ತು ಅಂಗಡಿಯ ಕಪಾಟುಗಳ ನಡುವೆ ನಿಂತಿರುವವರು ಇನ್ನೂ ಇರಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಅಂಧೇರಿಯ ಒಂದು ಜೂನಿಯರ್ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಬಿಡುವಿನಲ್ಲಿ ಕನ್ನಡ ಸಂಘದ ಮಹಿಳೆಯರಿಗೆ ಗ್ರಾಹಕರ ಹಕ್ಕು, ಆಹಾರದ ಕಲಬೆರಕೆ, ಹೆಂಗಸರ ಮೇಲೆ ಹೇರಿದ ಉಪವಾಸಗಳು ಇವುಗಳ ಕುರಿತು ಮಾತನಾಡುತ್ತ ಬಂದಿದ್ದೇನೆ. ಮಾತೇ ನನ್ನ ಕಸುಬು, ನನ್ನ ನಂಬಿಕೆ. ಆ ಮಾತಿಗೂ ಉಸಿರು ಸಾಲದಾದಾಗ ನನಗೆ ಮೊದಲು ಭಯವಾಯಿತು. ಸ್ಟೇಷನ್ನಿನ ಮೆಟ್ಟಿಲನ್ನು ಅರ್ಧ ಹತ್ತಿ ಕಂಬಿ ಹಿಡಿದು ನಿಲ್ಲುತ್ತಿದ್ದೆ. ಹಿಂದಿನವರು ಬೈಯುತ್ತ ಪಕ್ಕದಿಂದ ಹಾದುಹೋಗುತ್ತಿದ್ದರು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಸಹೋದ್ಯೋಗಿಗಳು "ಎಷ್ಟು ಸಣ್ಣ ಆಗಿದ್ದೀರಿ, ಯಾವ ಡಯೆಟ್?" ಎಂದು ಅಸೂಯೆಪಟ್ಟರು. ಹಸಿವೆಂಬುದು ಎಲ್ಲೋ ಕಳೆದುಹೋಗಿತ್ತು. "ಒಂದು ಹಾಕಿದ್ರ ಅರ್ಧಾ ಬಿಡ್ತಾಳ. ಇನ್ನೊಂದು ಹಾಕ್ರಿ ಅಂದದ್ದು ಈ ಕಿವೀಲೆ ಕೇಳೇ ಇಲ್ಲ," ಎಂದು ಅತ್ತೆ ಬಂದವರೆದುರೆಲ್ಲ ದೂರುತ್ತಿದ್ದರು. ಗುಣವಾಗದ ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗಿ ನುಂಗಿ ಸಾಕಾದ ಮೇಲೆ ನಮ್ಮ ವೈದ್ಯರು ಪರೇಲಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಅಲ್ಲಿಗೆ ಅತ್ತೆಯೂ ಬಂದರು. ಬೇಡವೆಂದರೆ ಕೇಳುವವರಲ್ಲ. ಶ್ರೀಕಾಂತ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಪಾಳಿಯ ಕೆಲಸದವರು; ರಜೆ ಸಿಕ್ಕಿರಲಿಲ್ಲ. ಕಾಯುವ ಕೋಣೆಯಲ್ಲಿ ಅತ್ತೆ ತಮ್ಮ ವಿಜಾಪುರದ ಕನ್ನಡದಲ್ಲೂ ಅದಕ್ಕೆ ಜೋಡಿಸಿದ ಮರಾಠಿಯಲ್ಲೂ ಸುತ್ತಲಿನವರ ಕಾಯಿಲೆಗಳನ್ನೆಲ್ಲ ವಿಚಾರಿಸಿ, ಬದಲಿಗೆ ನನ್ನದನ್ನು ಹೇಳಿದರು. "ನಮ್ಮ ಸೊಸಿಗೆ ಉಂಡದ್ದು ಮೈಗೆ ಹತ್ತವಲ್ದು." ನನಗೆ ನಾಚಿಕೆ. ಆದರೆ ಗಂಡನನ್ನು ಪರೀಕ್ಷೆಗೆ ಒಳಗೆ ಕಳಿಸಿ ಕುಳಿತಿದ್ದ ಒಬ್ಬ ಹೆಂಗಸು ಆ ಮಾತು ಕೇಳಿ, ತನ್ನ ಶಾಲನ್ನು ತೆಗೆದು ನನ್ನ ಹೆಗಲಿಗೆ ಹೊದಿಸಿದಳು. ಎ.ಸಿ.ಯ ಚಳಿಗೆ ನಾನು ನಡುಗುತ್ತಿದ್ದದ್ದು ನನಗೇ ತಿಳಿದಿರಲಿಲ್ಲ.

ಕ್ಯಾನ್ಸರ್ ಎಂಬ ಪದವನ್ನು ಯಾರೂ ಉಚ್ಚರಿಸಿರಲಿಲ್ಲ. ಉಚ್ಚರಿಸದಿದ್ದುದರಿಂದಲೇ ಅದು ನಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತಿತ್ತು. ಆದ್ದರಿಂದ ವೈದ್ಯೆ ವರದಿ ನೋಡಿ ಗೋಧಿಯ ಹೆಸರು ಹೇಳಿದಾಗ ನಾನು ನಕ್ಕುಬಿಟ್ಟೆ. ಗೋಧಿಯನ್ನು ಬಿಡುವುದು ತಾನೆ! ಬಿಟ್ಟೆ, ಎಂದೆ. ಅವರು ನಗಲಿಲ್ಲ. ಬಿಡುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತಿತ್ತು.

ಮುಂದಿನ ಭಾನುವಾರ ನಾಲ್ವರೂ ಪವಾಯಿಯ ಒಂದು ನೈಸರ್ಗಿಕ ಆಹಾರದ ಅಂಗಡಿಗೆ ಹೋದೆವು. ಮರದ ಕಪಾಟು, ಬಟ್ಟೆಯ ಚೀಲ, ಮಜ್ಜಿಗೆಹುಲ್ಲಿನ ಪರಿಮಳ, ಮೆಲ್ಲಗೆ ಮಾತನಾಡುವ ಹುಡುಗಿಯರು. ಮನೆಯ ಡಬ್ಬಿಗಳ ಮೇಲಿನ ಬರಹವನ್ನೂ ಓದಿ ನೋಡಬೇಕೆಂದು ಆಸ್ಪತ್ರೆಯ ಪಥ್ಯತಜ್ಞೆ ಹೇಳಿದ್ದರಿಂದ ಕೆಲವನ್ನು ಚೀಲದಲ್ಲಿ ತಂದಿದ್ದೆವು. ಓದುವ ಕೆಲಸ ಮಗಳು ಮೇಘಾಳದು. ಅವಳಿಗೆ ಕನ್ನಡ ಅರ್ಥವಾಗುತ್ತದೆ; ನಾಲಿಗೆ ಮಾತ್ರ ಹಿಂದಿಯ ಕಡೆಗೆ ಜಾರುತ್ತದೆ.

"ಅಮ್ಮಾ, ಸುನೋ ನಾ! ನಮ್ಮ ಹೀಂಗ್‌ನಲ್ಲಿ ಗೋಧಿ ಇದೆ!"

"ಏನಂತದು?" ಎಂದರು ಅತ್ತೆ.

"ಇಂಗು, ಅಜ್ಜೀ. ದಿನಾ ಸಾರಿಗೆ ಹಾಕ್ತೀರಲ್ಲ, ಅದ್ರಲ್ಲಿ ಗೋಧಿ ಹಿಟ್ಟು ಮಿಕ್ಸ್ ಮಾಡಿದಾರೆ. ಇಲ್ಲಿ ಬರ್ದಿದೆ."

ಅತ್ತೆ ಆ ಪುಟ್ಟ ಡಬ್ಬಿಯನ್ನು ಇಸಿದುಕೊಂಡು, ಓದಲು ಬಾರದಿದ್ದರೂ, ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇಂಗು ತಿಂದ ಮಂಗನ ಹಾಂಗ ಅಂತಿದ್ರು. ಇಷ್ಟು ವರ್ಷ ಆ ಮಂಗ ನಾವ ಅದೀವಿ ಅಂತ ಗೊತ್ತಿರ್ಲಿಲ್ಲ ನೋಡು!"

ಅಂಗಡಿಯ ಹುಡುಗಿಗೆ ಕನ್ನಡ ಬಾರದು. ನಾವು ನಾಲ್ವರೂ ನಕ್ಕದ್ದನ್ನು ಕಂಡು ಅವಳೂ ನಕ್ಕಳು. ಎಷ್ಟೋ ವಾರಗಳ ನಂತರ ನಾವು ಒಟ್ಟಿಗೆ ನಕ್ಕದ್ದು ಅಂದೇ.

ಬೆಲೆ ನೋಡಿದಾಗ ನಗು ನಿಂತಿತು. ಜೋಳದ ಹಿಟ್ಟಿನ ಪುಟ್ಟ ಪೊಟ್ಟಣವನ್ನು ಕೈಯಲ್ಲಿ ಹಿಡಿದ ಅತ್ತೆ, "ನಮ್ಮಪ್ಪ ಹೊಲದಾಗ ಬಂಗಾರ ಬಿತ್ತತಿದ್ದ ಅಂತ ಈಗ ಗೊತ್ತಾತು," ಎಂದರು. 'ಅಮರಾಂತ್' ಎಂದು ಬರೆದಿದ್ದ ಇನ್ನೊಂದು ಪೊಟ್ಟಣದ ಕಿಂಡಿಯಲ್ಲಿ ಇಣುಕಿ, "ಇದು ನನ್ನ ಏಕಾದಶಿ ರಾಜಗಿರಾ ಅಲ್ಲೇನ?" ಎಂದು ಕೇಳಿ, ಮಲಗಿದ ಕೂಸನ್ನು ಇಳಿಸುವಂತೆ ಅದನ್ನು ಮೆಲ್ಲಗೆ ಕಪಾಟಿಗೆ ಮರಳಿಸಿದರು.

ಆದರೂ ಕೊಂಡೆವು. ಜೋಳದ ಹಿಟ್ಟು, ಗೋಧಿ ಸೇರದ ಇಂಗು, ಗೋಧಿಯಿಲ್ಲದ ಬಿಸ್ಕತ್ತು. ಪ್ರತಿ ತಿಂಗಳೂ ಕೊಂಡೆವು. ನಾನು ಚೇತರಿಸಿಕೊಳ್ಳತೊಡಗಿದೆ. ಮೆಟ್ಟಿಲಿನಲ್ಲಿ ಕಂಬಿಯ ಅಗತ್ಯ ಕಡಿಮೆಯಾಯಿತು. ಒಂದೆಡೆ ನನ್ನ ಕೆನ್ನೆ ತುಂಬುತ್ತಿದ್ದಂತೆ ಇನ್ನೊಂದೆಡೆ ಮನೆಯ ಬುಟ್ಟಿ ಬರಿದಾಗುತ್ತಿತ್ತು. ಹಣ್ಣು ಬರುವುದು ನಿಂತಿತು. ಶ್ರೀಕಾಂತ ಹೆಚ್ಚುವರಿ ಪಾಳಿ ಒಪ್ಪಿಕೊಂಡರು. ಒಂದು ದಿನ ಮೇಘಾ ಈಜುವ ತರಗತಿ ಬೋರ್ ಆಗುತ್ತದೆಂದು ಹೇಳಿ ಬಿಟ್ಟಳು. ನೀರಿನಿಂದ ಅವಳನ್ನು ಹೊರಗೆಳೆಯಲು ನಾವು ಕಿನಾರೆಯಲ್ಲಿ ನಿಂತು ಗದರಬೇಕಾಗುತ್ತಿತ್ತು, ಅಂಥವಳಿಗೆ ಬೋರ್! ನನ್ನ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಅಂದು ನಾನು ಬಹಳ ಹೊತ್ತು ಮುರಿಯಲಿಲ್ಲ.

ಕಾಲೇಜಿನ ದಿನಗಳಲ್ಲಿ ನಮ್ಮ ಚರ್ಚಾಕೂಟದ ಗುರುಗಳು ಒಂದು ಪಾಠ ಕಲಿಸಿದ್ದರು: ಎದುರು ಪಕ್ಷದ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಮೊದಲು ನೀನೇ ಹೇಳು, ಆಮೇಲೆ ಖಂಡಿಸು. ನಾನು ಊಟದ ವೇಳೆ ಮನೆಯವರೆದುರು ಹಾಗೆಯೇ ಮಾಡಿದೆ. ಅಂಗಡಿಯ ಹಿಟ್ಟು ಶುದ್ಧ, ನಿಜ. ಅದರಿಂದಲೇ ನಾನು ಎದ್ದು ನಿಂತೆ, ಅದೂ ನಿಜ. ಆದರೆ ನನ್ನನ್ನು ಉಳಿಸಿದ್ದು ಜೋಳವೇ ಹೊರತು ಪೊಟ್ಟಣವಲ್ಲ. ಜೋಳ ಅಂಧೇರಿಯ ಮಾರುಕಟ್ಟೆಯಲ್ಲೂ ಸಿಗುತ್ತದೆ. ನಮ್ಮ ಗಲ್ಲಿಯಲ್ಲೇ ಹಿಟ್ಟಿನ ಗಿರಣಿಯಿದೆ. ಆದ್ದರಿಂದ ಮೇಘಾ ನಾಳೆಯಿಂದ ಈಜಲು ಹೋಗತಕ್ಕದ್ದು.

"ಆರ್ಡರ್, ಆರ್ಡರ್," ಎಂದು ಮೇಘಾ ಚಮಚದಿಂದ ಬಟ್ಟಲು ಬಡಿದಳು. ಅವಳ ಕಣ್ಣು ಮಾತ್ರ ಹೊಳೆಯುತ್ತಿತ್ತು.

ಅತ್ತೆಗೆ ಇದೊಂದು ಹಬ್ಬವೇ ಆಯಿತು. ಬಿಡಿ ಜೋಳ ತಂದು, ಕನ್ನಡಕ ಹಾಕಿಕೊಂಡು, ಮೊರದಲ್ಲಿ ಕಾಳು ಕಾಳನ್ನೂ ಆರಿಸಿದರು. ಒಂದು ಗೋಧಿ ಕಾಳು ಸಿಕ್ಕರೆ ಕಳ್ಳನನ್ನು ಹಿಡಿದಂತೆ ಎಲ್ಲರಿಗೂ ತೋರಿಸಿದರು. ಗಿರಣಿಯಲ್ಲಿ ಎದುರಿಗೆ ನಿಂತು ಬೀಸಿಸಿ ತಂದೆವು. ಮುಂಬಯಿಯಲ್ಲಿ ನಮ್ಮಂಥ ಮನೆಗಳಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರವಿಲ್ಲ: ಕಣ್ಣೆದುರಿಗೆ ಬೀಸಿದ ಹಿಟ್ಟು. ಅತ್ತೆ ರೊಟ್ಟಿ ಬಡಿಯುವ ಸದ್ದು ಬಿಲ್ಡಿಂಗಿಗೆಲ್ಲ ಕೇಳಿತು. ಮನೆಮಂದಿಯೆಲ್ಲ ಒಂದೇ ರೊಟ್ಟಿ ತಿಂದೆವು. ಸಂಘದಲ್ಲಿ ನಾನು ಇದನ್ನೇ ವಿಷಯವಾಗಿಟ್ಟುಕೊಂಡು ಮಾತನಾಡಿದೆ, ಚಪ್ಪಾಳೆಯೂ ಬಂತು.

ಕೆಲವೇ ವಾರಗಳಲ್ಲಿ ಬಾಯಿಹುಣ್ಣು ಮರಳಿತು. ಹೊಟ್ಟೆಯ ಉಬ್ಬರ, ಭೇದಿ, ಮತ್ತೆ ಆ ಮೆಟ್ಟಿಲು, ಆ ಕಂಬಿ. ಕರುಳಿನ ಕಾದಾಟವನ್ನು ತೋರಿಸುವ ರಕ್ತಪರೀಕ್ಷೆಯಲ್ಲಿ ಇಳಿಯುತ್ತಿದ್ದ ಅಂಕಿ ಏರಿತ್ತು. ಪರೇಲಿನ ವೈದ್ಯೆ ವರದಿಯನ್ನು ಎರಡು ಬಾರಿ ಓದಿದರು. ಪಥ್ಯ ಮಾಡಿಯೂ ಮಾಯದ ಕರುಳು ಅಪರೂಪಕ್ಕೆ ಇರುತ್ತದೆ, ಹಾಗಿದ್ದರೆ ಮತ್ತೆ ಗಂಟಲಿನಿಂದ ಕೊಳವೆ ಇಳಿಸಿ ಒಳಗೆ ನೋಡಬೇಕಾದೀತು, ಎಂದರು. ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಆ ಹಳೆಯ ಭಯ ಎದ್ದು ಹೋಗಿರಲೇ ಇಲ್ಲವೆಂದು ಆಗ ತಿಳಿಯಿತು. ಹೊರಬರುವಾಗ ಅತ್ತೆ ನನ್ನ ಕೈ ಹಿಡಿದಿದ್ದರು. ಮದುವೆಯಾಗಿ ಬಂದಂದಿನಿಂದ ಅವರು ನನ್ನ ಕೈ ಹಿಡಿದದ್ದು ನನಗೆ ನೆನಪಿಲ್ಲ.

ಹಾಗೆ ಒಳಗೆ ನೋಡುವ ಮೊದಲು ಪಥ್ಯತಜ್ಞೆಯನ್ನು ಕಂಡು ಹೋಗಿರೆಂದು ವೈದ್ಯೆ ಸೂಚಿಸಿದ್ದರು. ಆಕೆ ಎಳೆಯ ಪ್ರಾಯದವರು, ತಾಳ್ಮೆಯವರು. ಏನೇನು ತಿನ್ನುತ್ತೀರೆಂದು ಕೇಳಿದರು. ಹೇಳಿದೆ. ಹಿಟ್ಟು ಎಲ್ಲಿಯದೆಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ: ಕಾಳು ಕಾಳು ಆರಿಸಿ, ಗಿರಣಿಯಲ್ಲಿ ಎದುರಿಗೆ ನಿಂತು ಬೀಸಿಸಿದ್ದು.

"ನಿಮಗಿಂತ ಮೊದಲು ಅದೇ ಕಲ್ಲಿನಲ್ಲಿ ಏನು ಬೀಸಿದ್ದರು?"

ಬೆಳಗಿನಿಂದ ಸಂಜೆಯವರೆಗೆ ಆ ಕಲ್ಲಿನಲ್ಲಿ ಬೀಳುವುದು ಗಲ್ಲಿಯ ಅಷ್ಟೂ ಮನೆಗಳ ಗೋಧಿ. ಕಲ್ಲಿನ ಹಲ್ಲುಗಳಲ್ಲಿ, ಹಿಟ್ಟಿಳಿಯುವ ಬಟ್ಟೆಯ ಕೊಳವೆಯಲ್ಲಿ, ಗೋಡೆಯ ಮೇಲೆ, ಮಾಲೀಕರ ಹುಬ್ಬಿನ ಮೇಲೆ ಕೂಡ ಗೋಧಿಯೇ. ಕಾಳು ಕಾಳು ಆರಿಸಿದ ನಾವು ಕಲ್ಲನ್ನು ನೋಡಿರಲಿಲ್ಲ. ನನ್ನ ಎದೆಯ ಮೇಲಿನ ಭಾರ ಮಾತ್ರ ಒಮ್ಮೆಲೇ ಇಳಿಯಿತು. ಮೊಂಡು ಬಿದ್ದದ್ದು ನನ್ನ ಕರುಳಲ್ಲ. ಅದಕ್ಕೆ ಗೋಧಿ ಹೋಗುತ್ತಲೇ ಇತ್ತು.

ಹಾಗಾದರೆ ಮುಂದೇನು? ಮರಳಿ ಪೊಟ್ಟಣಗಳಿಗೆ ಹೋದರೆ ಮೇಘಾಳ ಈಜು ಮತ್ತೆ ಬೋರ್ ಆಗುತ್ತದೆ. ಮನೆಯಲ್ಲೇ ಇಡುವ ಗಿರಣಿ ಕೊಳ್ಳೋಣವೆಂದರೆ, ಬೆಲೆಯ ಮಾತಿರಲಿ, ಜಾಗವೆಲ್ಲಿ? ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲಿ. ಅನ್ನ ಉಂಡು ದಿನ ದೂಡಿದೆ. ಅತ್ತೆ ಮಾತ್ರ, "ಸೊಸಿಗೆ ನಿತ್ಯ ಏಕಾದಶಿ ಬಂತು," ಎಂದು ಗೊಣಗುತ್ತಿದ್ದರು. ಅವರು ವಿಠ್ಠಲನ ಭಕ್ತೆ. ಒಂದು ಏಕಾದಶಿಯನ್ನೂ ಬಿಟ್ಟವರಲ್ಲ. ಅವರ ಆ ವ್ರತದ ಕುರಿತು ನಮ್ಮಿಬ್ಬರ ಜಗಳ ನನ್ನ ಮದುವೆಯಷ್ಟೇ ಹಳೆಯದು.

ಮುಂದಿನ ಏಕಾದಶಿಯ ಮುನ್ನಾದಿನ ಅವರ ಮೊಣಕಾಲು ನೋಯುತ್ತಿತ್ತು. ರಾಜಗಿರಾ ಮತ್ತು ಸಾಬುದಾಣಿಯ ಚೀಲ ಹಿಡಿದು ನಾನೂ ಜೊತೆಗೆ ಗಿರಣಿಗೆ ಹೋದೆ. ಗಿರಣಿಯ ಮಾಲೀಕ ಮೋರೆಕಾಕಾ ಸೊಲ್ಲಾಪುರದ ಕಡೆಯವರು. ಅವರ ಬಾಯಲ್ಲಿ ಮರಾಠಿ ಮತ್ತು ಕನ್ನಡ ಒಂದೇ ಹಿಟ್ಟಾಗಿ ಬರುತ್ತವೆ. ಅವರು ನಮ್ಮನ್ನು ಒಳಕೋಣೆಗೆ ಕರೆದರು. ಅಲ್ಲೊಂದು ಚಿಕ್ಕ ಯಂತ್ರ. ಅದನ್ನು ಬಿಚ್ಚಿ, ಕುಂಚದಿಂದ ಉಜ್ಜಿ, ಒರೆಸಿ, ಬೇರೆಯದೇ ಬಿಳಿ ಬಟ್ಟೆಯ ಕೊಳವೆ ಕಟ್ಟಿದ್ದರು.

"ಕಾಕಾ, ಇದರೊಳಗ ಏನೇನು ಬೀಸ್ತೀರಿ?" ಎಂದು ಕೇಳಿದೆ.

"ಉಪಾಸದ್ದು ಅಷ್ಟ ವೈನಿ. ರಾಜಗಿರಾ, ವರಿ, ಸಾಬುದಾಣಿ. ಇದಕ್ಕ ಗೋಧಿ ಮುಟ್ಟಿಸಿದ್ರ ಏಕಾದಶಿ ಮಂದಿ ನನ್ನನ್ನ ಬೀಸಿಬಿಡ್ತಾರ."

ಗೋಧಿ ಎಂದೂ ಮುಟ್ಟದ ಕಲ್ಲು. ಪವಾಯಿಯ ಪೊಟ್ಟಣದ ಬೆಲೆಯಲ್ಲಿ ಸೇರಿದ್ದ ಖಾತರಿ ಇದೇ ಅಲ್ಲವೇ! ನಾನು ಚೀಲವನ್ನು ಕೆಳಗಿಟ್ಟು, ನನ್ನ ಜೋಳವನ್ನೂ ಇದರಲ್ಲಿ ಬೀಸಿಕೊಡಬೇಕೆಂದು ಕೇಳಿದೆ.

"ಹ್ಯಾಂಗ ಆಗ್ತದ? ಜೋಳ ಅಂದ್ರ ಧಾನ್ಯ. ಉಪಾಸಕ್ಕ ಚಾಲತ್ ನಾಹೀ, ನಡಿಯೂದಿಲ್ಲ."

ನಾನು ವಾದ ಹೂಡಿದೆ. ಅವರ ಕಷ್ಟವನ್ನು ಮೊದಲು ನಾನೇ ಹೇಳಿದೆ. ನಂತರ ನನ್ನ ಕಾಯಿಲೆ, ಅದರ ಗಂಭೀರತೆ, ಆಚಾರಕ್ಕಿಂತ ಆರೋಗ್ಯ ಹಿರಿದೆಂಬ ತತ್ವ ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿದೆ. ನಮ್ಮ ಹಿಂದೆ ಸಾಲಿನಲ್ಲಿದ್ದ ಒಬ್ಬಾಕೆ, ಭಾಷಣ ಮುಗಿಯುವುದರೊಳಗೆ ಏಕಾದಶಿಯೇ ಮುಗಿದೀತೆಂದು ಮರಾಠಿಯಲ್ಲಿ ಚುಚ್ಚಿದರು. ಮೋರೆಕಾಕಾ ಮಾತ್ರ ಪೂರ್ತಿ ಕೇಳಿದರು.

"ಬರೋಬರ್ ಹೇಳಿದ್ರಿ ವೈನಿ. ಖರೇನ ಬರೋಬರ್. ಆದ್ರ ಆಗೂದಿಲ್ಲ."

ಗೋಡೆಗೆ ಆತು ನಿಂತಿದ್ದ ಅತ್ತೆ ಆಗ ಬಾಯಿ ತೆರೆದರು. "ಮೋರೆ, ನಾಳಿಗೆ ಏಕಾದಶಿ. ನಾಡದು ದ್ವಾದಶಿ, ನಾವೆಲ್ಲ ಉಪಾಸ ಬಿಟ್ಟು ಪಾರಣಿ ಮಾಡ್ತೀವಿ. ನಿನ್ನ ಈ ಕಲ್ಲಿಗೆ ಪಾರಣಿ ಯಾವಾಗ?"

"ಕಲ್ಲಿಗೆ ಎಂಥಾ ಪಾರಣಿ ಆಜಿ?"

"ಯಾಕ? ನಮ್ಮ ಜೋಡಿ ಅದೂ ಉಪಾಸ ಕುಂತದಲ್ಲ, ಪಾಪ. ಧಾನ್ಯ ಕಂಡಿಲ್ಲ ಎಂದೂ. ದ್ವಾದಶಿ ಮುಂಜಾನೆ ನಮ್ಮ ಜೋಳದ್ಲೆ ಅದರ ಪಾರಣಿ ಆಗ್ಲಿ. ಆಮ್ಯಾಲ ತೊಳದು ಮುಚ್ಚಿಡು. ಮುಂದಿನ ಏಕಾದಶಿ ಮಂದಿಗೆ ಮತ್ತ ಮಡಿ ಆತು. ಪುಣ್ಯಾ ನಿನಗ, ರೊಟ್ಟಿ ನಮ್ಮ ಸೊಸಿಗೆ."

ಸಾಲಿನಲ್ಲಿದ್ದ ಆಕೆ ಮೊದಲು ನಕ್ಕರು. ಮೋರೆಕಾಕಾ ತಲೆಯ ಮೇಲಿನ ಹಿಟ್ಟು ಕೊಡವಿಕೊಂಡು, "ಹೆಚ್ಚುವರಿ ತೊಳ್ಯಾಕ ಯಾರು ಬರ್ತಾರ?" ಎಂದರು.

"ನಾನು," ಎಂದೆ. ಆ ದಿನ ನಾನು ಆಡಿದ ಅತ್ಯಂತ ಚಿಕ್ಕ ವಾಕ್ಯ ಅದು. ಕೆಲಸ ಮಾಡಿದ್ದೂ ಅದೇ.

ಪಥ್ಯತಜ್ಞೆಗೆ ಎಲ್ಲವನ್ನೂ ವಿವರಿಸಿದೆ. ಆಕೆ ಯಂತ್ರದ ಚಿತ್ರ ನೋಡಿ, ದೊಡ್ಡ ಯಂತ್ರದ ಧೂಳು ಒಳಗೆ ಬರದಂತೆ ಬಾಗಿಲು ಮುಚ್ಚಬೇಕು, ಅದು ಚಾಲೂ ಆಗುವ ಮೊದಲೇ ನಿಮ್ಮದು ಮುಗಿಯಬೇಕು, ಚೀಲ ನಿಮ್ಮದೇ ಆಗಿರಬೇಕು ಎಂದರು. ಪ್ರಯತ್ನಿಸಿ, ಉತ್ತರ ರಕ್ತವೇ ಕೊಡುತ್ತದೆ, ಎಂದೂ ಸೇರಿಸಿದರು. ನನ್ನಂಥವರು ಯಾರೇ ಆಗಲಿ, ಇಂಥದ್ದನ್ನು ತಮ್ಮ ವೈದ್ಯರನ್ನು ಕೇಳದೆ ಮಾಡಬಾರದು. ಕೇಳದೆ ಗೆದ್ದೆನೆಂದುಕೊಂಡ ವಾದದ ಬೆಲೆಯನ್ನು ನನ್ನ ಕರುಳು ತೆತ್ತಿದೆ.

ಅಂದಿನಿಂದ ದ್ವಾದಶಿಯ ಬೆಳಗ್ಗೆ ಗಿರಣಿಯ ಶಟರ್ ಏಳುವ ಹೊತ್ತಿಗೆ ನಾನು ಅಲ್ಲಿರುತ್ತೇನೆ. ಜೋಳ ಬೀಸಿದ ಮೇಲೆ ಕುಂಚ ಹಿಡಿದು ಕಲ್ಲಿನ ಹಲ್ಲುಗಳನ್ನು ಉಜ್ಜುತ್ತೇನೆ. ಮುಂದಿನ ಏಕಾದಶಿಯವರೆಗೆ ಆ ಹಿಟ್ಟು ಸಾಕು. ಅತ್ತೆಯ ರಾಜಗಿರಾ ಮತ್ತು ಸಾವೆಯಂಥ ವರಿ ಗಲ್ಲಿಯ ಕಿರಾಣಿ ಅಂಗಡಿಯಲ್ಲೇ ಉಪವಾಸದ ಸಾಮಾನಿನ ನಡುವೆ ಸಿಗುತ್ತವೆ; ಈಗ ಅವು ನನ್ನ ವಾರದ ಊಟ. ನೈಸರ್ಗಿಕ ಅಂಗಡಿಯ ಮೇಲೆ ನನಗೆ ಮುನಿಸಿಲ್ಲ. ಎಲ್ಲಿ ಶುಚಿತ್ವವನ್ನು ನಾವೇ ಕಾಯಲಾರೆವೋ ಅಲ್ಲಿ ಅದಕ್ಕೆ ಬೆಲೆ ತೆರುವುದು ನ್ಯಾಯ. ಇಂಗನ್ನು ಇಂದಿಗೂ ಅಲ್ಲಿಂದಲೇ ತರುತ್ತೇನೆ; ಪ್ರಯಾಣಕ್ಕೆ ಹೊರಟರೆ ಬಿಸ್ಕತ್ತನ್ನೂ. ಕಾಳು ನಮ್ಮ ಮೊರದಿಂದ, ಖಾತರಿ ನಮ್ಮ ಕೈಯಿಂದ ಬರಬಲ್ಲದಾದರೆ ಪೊಟ್ಟಣವನ್ನು ಕಪಾಟಿನಲ್ಲೇ ಬಿಡುತ್ತೇನೆ.

ಮುಂದಿನ ಪರೀಕ್ಷೆಗೆ ಪರೇಲಿಗೆ ಹೋಗುವಾಗ ಚೀಲದಲ್ಲಿ ಒಂದು ಶಾಲು ಇಟ್ಟುಕೊಂಡಿದ್ದೆ. ಆ ಹೆಂಗಸು ಸಿಗಲಿಲ್ಲ. ಅವಳ ಗಂಡನಿಗೆ ಏನಾಯಿತೋ ತಿಳಿಯದು. ಮೂಲೆಯಲ್ಲಿ ಮುದುಡಿ ಕುಳಿತಿದ್ದ ಕಾಲೇಜು ಹುಡುಗಿಯೊಬ್ಬಳಿಗೆ ಅದನ್ನು ಹೊದಿಸಿದೆ. ಒಳಗೆ ವೈದ್ಯೆ ವರದಿಯನ್ನು ಒಂದೇ ಬಾರಿ ಓದಿದರು. ಅಂಕಿ ಇಳಿದಿತ್ತು. ಇನ್ನೂ ಇಳಿಯಬೇಕು, ಆದರೆ ಮತ್ತೆ ಒಳಗೆ ನೋಡುವ ಅಗತ್ಯವಿಲ್ಲ, ಎಂದರು. ಫೋನಿನಲ್ಲಿ ಶ್ರೀಕಾಂತರಿಗೆ ಹೇಳಿದೆ. ಅವರ ಹಿಂದೆ ಟ್ರಾಲಿಗಳ ಸದ್ದು ಕೇಳುತ್ತಿತ್ತು. "ಪಾಳಿ ಮುಗಿಸಿ ಬರ್ತೀನಿ, ಹಣ್ಣು ಏನ್ ತರ್ಲಿ?" ಎಂದರು.

ಈಗ ದ್ವಾದಶಿಯ ಬೆಳಗ್ಗೆ ಗಿರಣಿಯ ಒಳಕೋಣೆಯಲ್ಲಿ ನನ್ನದಲ್ಲದೆ ಇನ್ನೂ ಕೆಲವು ಜೋಳದ ಚೀಲಗಳಿರುತ್ತವೆ. ಇದೇ ಕಾಯಿಲೆಯ ಪುಟ್ಟ ಮಗುವಿನ ತಾಯಿಯೊಬ್ಬಳು ವಿಷಯ ತಿಳಿದು ಪಕ್ಕದ ಗಲ್ಲಿಯಿಂದ ಬರುತ್ತಾಳೆ. ಮೋರೆಕಾಕಾ ನಮ್ಮನ್ನು 'ಪಾರಣಿವಾಲೇ' ಎಂದು ಕರೆಯುತ್ತಾರೆ. ಉಜ್ಜುವ ಸರದಿಯನ್ನು ಹಂಚಿಕೊಂಡಿದ್ದೇವೆ.

ಉಪವಾಸವನ್ನು ಹೇರಬಾರದೆಂಬ ನನ್ನ ವಾದವನ್ನು ನಾನು ಕೈಬಿಟ್ಟಿಲ್ಲ. ಅತ್ತೆ ತಮ್ಮ ಉಪವಾಸವನ್ನೂ ಬಿಟ್ಟಿಲ್ಲ. "ನನ್ನ ಮ್ಯಾಲ ಯಾರು ಹೇರ್ಯಾರ? ನಾನೇ ಎಲ್ಲಾರ ಮ್ಯಾಲ ಹೇರಾಕಿ," ಎನ್ನುತ್ತಾರೆ. ಲಟ್ಟಣಿಗೆ ಅಟ್ಟದಿಂದ ಇಳಿದಿದೆ; ಒಮ್ಮೊಮ್ಮೆ ಉಳಿದ ಮೂವರ ಚಪಾತಿ ಬೇರೆ ತವಾದ ಮೇಲೆ, ನಾನು ಹೊರಗೆ ಹೋದ ಹೊತ್ತಿನಲ್ಲಿ ಆಗುತ್ತದೆ.

ಕಳೆದ ಏಕಾದಶಿಯಂದು ಅತ್ತೆ ರಾಜಗಿರಾ ಹಿಟ್ಟಿಗೆ ಬೇಯಿಸಿದ ಬಟಾಟೆ, ಜೀರಿಗೆ, ಹಸಿಮೆಣಸು ಹಾಕಿ ಕಲೆಸಿ ಥಾಲಿಪೀಠ ತಟ್ಟಿದರು. ಒಂದು ಅವರ ತಟ್ಟೆಗೆ, ಒಂದು ನನ್ನ ತಟ್ಟೆಗೆ. ಈಜಿ ಬಂದು ಒದ್ದೆ ಕೂದಲಲ್ಲಿ ಕುಳಿತಿದ್ದ ಮೇಘಾ ಎರಡೂ ತಟ್ಟೆಗಳನ್ನು ನೋಡಿ, "ಅಜ್ಜೀ, ಸೇಮ್ ಟು ಸೇಮ್! ಮತ್ತೆ ನಿಮ್ಮದು ಮಾತ್ರ ಉಪವಾಸ ಹೇಗೆ?" ಎಂದಳು.

"ನನಗ ಉಪಾಸ, ನಿಮ್ಮವ್ವಗ ಊಟ. ಸುಮ್ಮ ತಿನ್ನು ಹುಡುಗಿ."

ಬಿಸಿಯಾಗಿತ್ತು, ಅಂಚು ಗರಿಗರಿಯಾಗಿತ್ತು. ಒಂದೊಂದೇ ತುತ್ತು ಮುರಿದು ತಿಂದೆ. ತಟ್ಟೆ ಬರಿದಾದದ್ದನ್ನು ಕಂಡು ನನಗೇ ಆಶ್ಚರ್ಯವಾಯಿತು. ತವಾದ ಮೇಲೆ ಇನ್ನೊಂದು ಬೇಯುತ್ತಿತ್ತು.

"ಅತ್ತೀ, ಇನ್ನೊಂದು ಹಾಕ್ರಿ," ಎಂದೆ.

ಅತ್ತೆಯ ಕೈಯಲ್ಲಿದ್ದ ಸವುಟು ಅಲ್ಲೇ ನಿಂತಿತು. ಅವರು ತಿರುಗಿ ನೋಡಲಿಲ್ಲ. ತವಾದ ಮೇಲಿದ್ದದ್ದನ್ನು ನನ್ನ ತಟ್ಟೆಗೆ ಹಾಕಿ, ತಮ್ಮ ತಟ್ಟೆಯಲ್ಲಿದ್ದದ್ದರಲ್ಲಿ ಅರ್ಧವನ್ನು ಮುರಿದು ಅದರ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, "ಹಸಿಮೆಣಸಿನಕಾಯಿ ಘಾಟು ಹೆಚ್ಚಾತು ನೋಡು," ಎಂದರು.